ಹೆಗಲಿಗೆ ಬಂದ ಗಾಳಿ

ನನ್ನ ಹೊಟ್ಟೆಗೆ ಎರಡು ಸಲ ಗಾಳಿ ತುಂಬಿದ್ದಾರೆ. ಮೊದಲ ಸಲ, ಎರಡು ಮಕ್ಕಳಾದವು ಇನ್ನು ಸಾಕು ಎಂದು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ ಒಂದು ಚಳಿಗಾಲದಲ್ಲಿ. ಎರಡನೆಯ ಸಲ ಹೋದ ವರ್ಷ, ಪಿತ್ತಕೋಶದಲ್ಲಿ ಕಲ್ಲಾದಾಗ. ಎರಡೂ ಸಲ ಹೊಕ್ಕುಳದ ಹತ್ತಿರ ಸಣ್ಣ ತೂತು ಮಾಡಿ, ಕೊಳವೆ ಇಳಿಸಿ, ಹೊಟ್ಟೆ ಉಬ್ಬಿಸಿ, ದುರ್ಬೀನು ಹಾಕಿ ನೋಡಿ ಕೆಲಸ ಮುಗಿಸಿದರು. ಡಾಕ್ಟರುಗಳು ಇದಕ್ಕೆ ಲ್ಯಾಪರೊಸ್ಕೋಪಿ ಎನ್ನುತ್ತಾರೆ. ನಮ್ಮ ಕಡೆ ದುರ್ಬೀನ್ ಆಪರೇಷನ್ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಉಬ್ಬಿಸದಿದ್ದರೆ ಒಳಗೆ ಕರುಳು ಒಂದರ ಮೇಲೊಂದು ಬಿದ್ದುಕೊಂಡು ಏನೂ ಕಾಣುವುದಿಲ್ಲವಂತೆ. ಅದಕ್ಕೇ ಗಾಳಿ. ಹೊರಗೆ ನಿಂತು ನೋಡಿದವರಿಗೆ ಎರಡೂ ಸಲ ಆದದ್ದು ಒಂದೇ. ಹೊಟ್ಟೆ ನನ್ನದು, ಹಾಗಾಗಿ ನಾನು ಹೇಳಬಲ್ಲೆ, ಆ ಗಾಳಿಗಳು ಬೇರೆ ಬೇರೆ. ಒಂದು ಬಂದ ಹಾಗೆ ಹೊರಟುಹೋಯಿತು. ಇನ್ನೊಂದು ನನ್ನ ಬಲ ಹೆಗಲಿನಲ್ಲಿ ಬಿಡಾರ ಹೂಡಿತು. ಅದರ ಸಲುವಾಗಿ ನಾನು ಇಪ್ಪತ್ತು ವರ್ಷ ಸಿಟ್ಟು ಹೊತ್ತುಕೊಂಡು ತಿರುಗಿದೆ.

ನಾನು ಬಸ್ ಕಂಡಕ್ಟರ್. ಹುಟ್ಟಿದ್ದು ಆಳಂದ ತಾಲ್ಲೂಕಿನ ನರೋಣಾ. ಕೊಟ್ಟದ್ದು ಅಫಜಲಪುರ ತಾಲ್ಲೂಕಿಗೆ, ಚೌಡಾಪುರದಿಂದ ಒಳಗೆ ಹೋಗುವ ಒಂದು ಹಳ್ಳಿಗೆ. ಈಗ ಇರುವುದು ಜೇವರ್ಗಿಯಲ್ಲಿ, ಡಿಪೋದ ಹತ್ತಿರದ ಬಾಡಿಗೆ ಮನೆಯಲ್ಲಿ, ಗಂಡ ಮತ್ತು ಅತ್ತೆಯ ಜೊತೆ. ಮಕ್ಕಳಿಬ್ಬರೂ ದೊಡ್ಡವರಾಗಿ ತಮ್ಮ ತಮ್ಮ ಕೆಲಸ ಹಿಡಿದಿದ್ದಾರೆ. ನನ್ನ ಬಾಯಿ ಜೋರು ಎಂದು ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಆದರೆ ಇದು ಹುಟ್ಟಿನಿಂದ ಬಂದ ಬಾಯಿಯಲ್ಲ. ಮದುವೆಯಾಗಿ ಬಂದಾಗ ನನಗೆ ಬಾಯಿಯೇ ಇರಲಿಲ್ಲ. "ಹೂಂ" ಮತ್ತು "ಆತ್ರಿ" ಎನ್ನುವ ಎರಡು ಮಾತಿನಲ್ಲಿ ಸಂಸಾರ ನಡೆಯುತ್ತಿತ್ತು.

ನಮ್ಮ ಕಡೆ ಹೆಂಗಸರ ಆಪರೇಷನ್ನುಗಳೆಲ್ಲ ಚಳಿಗಾಲದಲ್ಲೇ. ಬೇಸಿಗೆಯಲ್ಲಿ ಗಾಯ ಕೀವಾಗುತ್ತದೆ, ಮಳೆಗಾಲದಲ್ಲಿ ಒಣಗುವುದಿಲ್ಲ ಎಂದು ನಂಬಿಕೆ. ತೊಗರಿ ಕೊಯ್ದು ರಾಶಿ ಮಾಡುವುದೂ ಚಳಿಗಾಲದಲ್ಲೇ. ಇವೆರಡೂ ಒಂದೇ ಹೊತ್ತಿಗೆ ಬರುತ್ತವಲ್ಲ ಎಂದು ಯಾವ ಗಂಡಸೂ ಯೋಚಿಸಿದಂತಿಲ್ಲ. ಯೋಚಿಸಿದ್ದರೂ ಅದರಿಂದ ಅವನಿಗೇನು ತೊಂದರೆ?

ಕ್ಯಾಂಪು ನಡೆದದ್ದು ಒಂದು ಶಾಲೆಯ ಕಟ್ಟಡದಲ್ಲಿ. ಬೆಂಚುಗಳನ್ನು ಅಂಗಳಕ್ಕೆ ಹಾಕಿದ್ದರು. ನಾವು ಹೆಂಗಸರು ಹಸಿದ ಹೊಟ್ಟೆಯಲ್ಲಿ, ಒಬ್ಬರ ಹಿಂದೆ ಒಬ್ಬರು, ಬೆಳಗಿನಿಂದ ಕೂತಿದ್ದೆವು. ಸೂಜಿ ಚುಚ್ಚಿದರು. ಬಾಯಿ ಒಣಗಿತು, ತಲೆ ಭಾರವಾಯಿತು, ನಿದ್ದೆ ಮಾತ್ರ ಬರಲಿಲ್ಲ. ಆ ಸೂಜಿಗೆ ಪೂರಾ ನಿದ್ದೆ ಬರುವುದಿಲ್ಲ ಎಂದು ಯಾರೂ ಮುಂಚೆ ಹೇಳಿರಲಿಲ್ಲ. ಟೇಬಲ್ಲಿನ ಮೇಲೆ ಮಲಗಿಸಿ ಎರಡೂ ಕೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದರು. ಆಮೇಲೆ ಟೇಬಲ್ಲನ್ನೇ ವಾಲಿಸಿದರು. ತಲೆ ಕೆಳಗೆ, ಕಾಲು ಮೇಲೆ. ಸೀರೆ ಜಾರಿತು. ಹಿಡಿದುಕೊಳ್ಳೋಣವೆಂದರೆ ಕೈ ಇಲ್ಲ.

ಹೊಕ್ಕುಳದ ಹತ್ತಿರ ಮರಗಟ್ಟಿಸಿ ಸೂಜಿ ಇಳಿಸಿದರು. ಯಾರೋ ಒಬ್ಬರು ರಬ್ಬರಿನ ಉಂಡೆಯನ್ನು ಕೈಯಲ್ಲಿ ಹಿಡಿದು ಅಮುಕತೊಡಗಿದರು. ಪುಸ್, ಪುಸ್ ಎಂಬ ಸದ್ದು. ಅವರು ಅಮುಕಿದ ಹಾಗೆಲ್ಲ ನನ್ನ ಹೊಟ್ಟೆ ಏರುತ್ತಿತ್ತು. ಬಸುರಿಯಾದಾಗ ಹೊಟ್ಟೆ ತಿಂಗಳುಗಟ್ಟಲೆ ತೆಗೆದುಕೊಂಡು ಏರುತ್ತದೆ, ಅದಕ್ಕೆ ಮೈ ಹೊಂದಿಕೊಳ್ಳುತ್ತದೆ. ಇಲ್ಲಿ ನೋಡನೋಡುತ್ತಿದ್ದಂತೆ ಏರಿತು. ತಲೆ ಕೆಳಗಾಗಿದ್ದರಿಂದ ಹೊಟ್ಟೆಯ ಭಾರವೆಲ್ಲ ಎದೆಗೆ ಬಂದು ಕೂತಿತು. ಉಸಿರು ಎಳೆದರೆ ಗಂಟಲಿನವರೆಗೆ ಬರುತ್ತದೆ, ಅಲ್ಲಿಂದ ಕೆಳಗೆ ಇಳಿಯುವುದಿಲ್ಲ. ಇಳಿಯಲು ಜಾಗವೇ ಇಲ್ಲ. ನಾನು ಸಾಯುತ್ತೇನೆ ಎಂದುಕೊಂಡೆ, ಅದರಲ್ಲಿ ಸಂಶಯವೇ ಇರಲಿಲ್ಲ.

"ಉಸಿರಾಡಾಕ ಆಗವಲ್ದುರಿ," ಅಂದೆ.

"ಆತಮ್ಮ, ಆತು, ಆತು," ಅಂದರು ಡಾಕ್ಟರು. ನನಗೆ ಹೇಳಿದರೋ, ಉಂಡೆ ಅಮುಕುತ್ತಿದ್ದವರಿಗೋ. ಹೊರಗೆ ಇನ್ನೂ ಬೆಂಚು ತುಂಬ ಹೆಂಗಸರಿದ್ದರು.

ಮುಗಿದ ಮೇಲೆ ತರಗತಿಯ ಕೋಣೆಯೊಂದರಲ್ಲಿ ಜಮಖಾನೆಯ ಮೇಲೆ ಸಾಲಾಗಿ ಮಲಗಿಸಿದರು. ಸಂಜೆಗೆ ಟಂಟಂ ಆಟೋದಲ್ಲಿ ಮನೆಗೆ ಬಂದೆ. ಹಳ್ಳಿಯ ದಾರಿಯ ಒಂದೊಂದು ಕುಣಿಯೂ ಹೊಟ್ಟೆಯೊಳಗೆ ಕುಲುಕುತ್ತಿತ್ತು. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು, ಕೈಯಲ್ಲಿ ಹಳೆಯ ಸೀರೆ ಹರಿದು ಮಾಡಿದ ಉದ್ದನೆಯ ಪಟ್ಟಿ.

ಇದು ನಮ್ಮ ಕಡೆಯ ರೂಢಿ. ಬಾಣಂತಿಗೆ ಹೊಟ್ಟೆ ಕಟ್ಟುತ್ತಾರೆ, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಸುತ್ತುತ್ತಾರೆ, ಕಿಟಕಿ ಹಾಕುತ್ತಾರೆ. ಖಾಲಿಯಾದ ಹೊಟ್ಟೆಯೊಳಗೆ ಗಾಳಿ ಹೊಕ್ಕರೆ ಹೆಣ್ಣುಮಗಳು ಜೀವಮಾನ ನರಳುತ್ತಾಳೆ ಎನ್ನುವುದು ಇವರ ಲೆಕ್ಕ. ಹೊಟ್ಟೆಗೆ ಯಾವ ಕತ್ತರಿ ಬಿದ್ದರೂ ಇದೇ ಮದ್ದು.

"ತೂತು ಮಾಡ್ಯಾರ. ಕಟ್ಟಲಿಲ್ಲಂದ್ರ ಗಾಳಿ ಹೊಕ್ತದ," ಅಂದಳು ಅತ್ತೆ. ಮಂಡಿಯನ್ನು ನನ್ನ ಸೊಂಟಕ್ಕೆ ಊರಿ, ಹಿಂದಿನಿಂದ ಎಳೆದು ಬಿಗಿದಳು. ಗಾಳಿ ಒಳಗೆ ಹೋಗಬಾರದೆಂದು ಕಟ್ಟುತ್ತಿದ್ದಳು. ಗಾಳಿ ಆಗಲೇ ಒಳಗಿತ್ತು. ಬೆಳಗಿನಿಂದ ಒಳಗಿದ್ದ ಗಾಳಿಯನ್ನು ಒಳಗೇ ಇಟ್ಟು, ಬಾಗಿಲು ಹಾಕಿ, ಚಿಲಕ ಜಡಿದ ಹಾಗಾಯಿತು. ಆ ಮನೆಯಲ್ಲಿ ಇದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮರುದಿನ ಎದ್ದು ಕೂತೆ. ಹೊಟ್ಟೆಯ ಗಾಯ ಅಷ್ಟೇನೂ ನೋಯಲಿಲ್ಲ. ನೋವು ಬಂದದ್ದು ಹೆಗಲಿಗೆ. ಬಲ ಹೆಗಲಿನ ನೆತ್ತಿಯಲ್ಲಿ ಯಾರೋ ಕುಡುಗೋಲಿನ ತುದಿ ಇಟ್ಟು ಒತ್ತಿದ ಹಾಗೆ. ಉಸಿರು ಎಳೆದರೆ ಇನ್ನಷ್ಟು ಒಳಗೆ ಇಳಿಯುತ್ತಿತ್ತು. ಹೆದರಿ ಮಲಗಿದೆ. ಸ್ವಲ್ಪ ಹೊತ್ತಿಗೆ ಸಡಿಲಾಯಿತು. ಮತ್ತೆ ಎದ್ದೆ, ಮತ್ತೆ ಬಂತು. ನನ್ನ ಹೆಗಲನ್ನು ಯಾರೂ ಮುಟ್ಟಿರಲಿಲ್ಲ, ಅದಕ್ಕೇಕೆ ನೋವು ಎಂದು ನನಗೇ ತಿಳಿಯಲಿಲ್ಲ. ಆದರೂ ಹೇಳಬೇಕಲ್ಲ, ಅತ್ತೆಗೆ ಹೇಳಿದೆ.

"ಅತ್ತಿ, ಹೆಗಲು ಭಾಳ ನೋಯಾಕತ್ತದ್ರಿ."

"ಹೊಟ್ಟಿ ಕೊಯ್ದಾರೋ, ಹೆಗಲು ಕೊಯ್ದಾರೋ?"

"ಹೊಟ್ಟಿನೇರಿ. ಆದ್ರ ಹೆಗಲು ನೋಯ್ತದ. ಎದ್ದು ಕುಂತ್ರ ಬರ್ತದ."

"ಮಲ್ಕೊಂಡ್ರ?"

"ಮಲ್ಕೊಂಡ್ರ ಕಮ್ಮಿ ಆಗ್ತದ್ರಿ."

ಅತ್ತೆ ನಕ್ಕಳು. "ಭಾಳ ಶಾಣ್ಯಾ ನೋವು ಅದ ಬಿಡು. ಕೆಲಸ ಕಂಡ್ರ ಬರ್ತದ, ಹಾಸಿಗಿ ಕಂಡ್ರ ಹೋಗ್ತದ."

ಅಷ್ಟೇ. ಆ ಒಂದು ಮಾತಿಗೆ ನನ್ನ ಕಥೆ ಮುಗಿಯಿತು. ಗಂಡ ಆಗ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಹೊಲದಿಂದ ಬಂದವನು ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, "ಏನಾಗ್ಯದ ಅಕಿಗೆ?" ಎಂದು ತಾಯಿಯನ್ನು ಕೇಳಿದ. ನನ್ನನ್ನಲ್ಲ. "ಏನಾಗ್ಯದ? ಸೋಂಗು. ತೊಗರಿ ಕೊಯ್ಯೂದು ಬಂತಲ್ಲ, ಬಹಾನಾ ಮಾಡಾಕತ್ತಾಳ," ಅಂದಳು ಅತ್ತೆ. ಅವನು ಹೂಂ ಅಂದು ಕೈಕಾಲು ತೊಳೆಯಲು ಹೋದ. ಕತ್ತಲು ಕೋಣೆಯಲ್ಲಿ, ಕಿವಿಗೆ ಬಟ್ಟೆ ಸುತ್ತಿದ್ದರೂ, ನನಗೆ ಎಲ್ಲ ಕೇಳಿಸಿತು.

ತವರಿಗೆ ಕಳಿಸಿರಿ ಅಂದೆ. ರಾಶಿ ಮುಗಿಯಲಿ ಅಂದರು. ಒಂದು ವಾರವೂ ಆಗಿರಲಿಲ್ಲ, ಹೊಲಕ್ಕೆ ಹೊರಡಿಸಿದರು. ಕಟ್ಟಿದ ಹೊಟ್ಟೆಯಲ್ಲಿ ಬಗ್ಗಿ ತೊಗರಿ ಕೊಯ್ದೆ. ಬಗ್ಗಿದಾಗ ಕೊಂಚ ಬಿಡುತ್ತಿತ್ತು, ಸೂಡು ಹೊತ್ತು ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಪಕ್ಕದ ಸಾಲಿನ ಹೆಂಗಸರು, "ಹೆಗಲ ಆಪರೇಷನ್ ಮಾಡಿಸ್ಕೊಂಡಾಕಿ ಬಂದ್ಳು ನೋಡ್ರಿ" ಎಂದು ನಕ್ಕರು. ಅವರೊಳಗೆ ಆಪರೇಷನ್ ಆದವರೂ ಇದ್ದರು. ಅವರಿಗೂ ಹೀಗೇ ಆಗಿತ್ತೋ, ಆಗಿದ್ದರೂ ನಕ್ಕರೋ, ನನಗೆ ತಿಳಿಯದು. ನಾನೂ ಅವರೊಂದಿಗೆ ನಗಲು ನೋಡಿದೆ. ನಕ್ಕರೂ ನೋಯುತ್ತಿತ್ತು.

ನೋವಿಗಿಂತ ದೊಡ್ಡದು ಇನ್ನೊಂದಿತ್ತು, ಅದನ್ನು ನೇರವಾಗಿ ಹೇಳಿಬಿಡುತ್ತೇನೆ. ನನ್ನನ್ನು ಯಾರೂ ನಂಬಲಿಲ್ಲ. ಹಗಲೆಲ್ಲ ಸೋಂಗು, ಸೋಂಗು ಎಂಬ ಮಾತು ಕೇಳಿ ಕೇಳಿ, ನಾನೇ ನಾಟಕ ಮಾಡುತ್ತಿದ್ದೇನೋ ಎಂದು ನನ್ನ ಮೇಲೆ ನನಗೇ ಅನುಮಾನ ಬರತೊಡಗಿತು. ಮೈ ಒಂದು ಹೇಳುತ್ತದೆ, ಮನೆಯೆಲ್ಲ ಇನ್ನೊಂದು ಹೇಳುತ್ತದೆ, ನಡುವೆ ನಾನು. ಎತ್ತ ಹೋಗಲೂ ದಾರಿ ಇರಲಿಲ್ಲ. ರಾಶಿ ಮುಗಿಯುವ ಹೊತ್ತಿಗೆ ಹೆಗಲು ಯಾವಾಗಲೋ ತಣ್ಣಗಾಗಿತ್ತು. ಆಮೇಲೆ ನಾನು ಬಿಟ್ಟಿದ್ದ ಓದನ್ನು ಮುಗಿಸಿದೆ, ಪರೀಕ್ಷೆ ಬರೆದೆ, ಕಂಡಕ್ಟರ್ ಆದೆ, ಬಾಯಿ ಬೆಳೆಸಿಕೊಂಡೆ. ಅತ್ತೆಯ ಮುಂದೆ ಮಾತ್ರ ಆ ವಿಷಯ ಎತ್ತಲಿಲ್ಲ. ಪಾಪ, ಓದಿಲ್ಲ ಬರೆದಿಲ್ಲ, ಹೊಟ್ಟೆಗೂ ಹೆಗಲಿಗೂ ನಂಟು ಇದೆ ಎಂದು ಆಕೆಗೆ ಹೇಗೆ ತಿಳಿಯಬೇಕು, ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಸಿಟ್ಟು ಹೋಗಲಿಲ್ಲ, ಆದರೆ ಅದನ್ನು ಮಡಚಿ ಇಡಲು ಈ ಒಂದು ಸಮಾಧಾನ ಸಾಕಾಗಿತ್ತು.

ಹೀಗಿರುವಾಗ ಎರಡು ವರ್ಷದ ಹಿಂದೆ ಒಂದು ಹುಣ್ಣಿಮೆಯ ದಿನ ಗಾಣಗಾಪುರದ ಗುಡಿಗೆ ಹೊರಟ ಜನರಿಂದ ಬಸ್ಸು ಕಿಕ್ಕಿರಿದಿತ್ತು. ಚೌಡಾಪುರ ಇನ್ನೂ ಬಂದಿರಲಿಲ್ಲ. ಹಿಂದಿನಿಂದ ಮುಂದಕ್ಕೆ ಟಿಕೆಟ್ ಕೊಡುತ್ತಾ ಬರುವಾಗ ಬಲ ಪಕ್ಕೆಯ ಕೆಳಗೆ ಹಿಡಿಯಿತು. ಅಲ್ಲಿಂದ ಬೆನ್ನಿಗೆ, ಬೆನ್ನಿನಿಂದ ಹೆಗಲಿಗೆ. ಅದೇ ಬಲ ಹೆಗಲು. ಹಿಂದೆಯೂ ಜನ, ಮುಂದೆಯೂ ಜನ, ಕೂರಲು ಜಾಗವಿಲ್ಲ, ಬಗ್ಗಲು ಜಾಗವಿಲ್ಲ. ಮೇಲಿನ ಕಂಬಿ ಹಿಡಿದು ಹಲ್ಲು ಕಚ್ಚಿ ನಿಂತೆ. ಯಾರೋ ಮುದುಕಿ, "ಚಿಲ್ಲರ ಕೊಡವ್ವ" ಎನ್ನುತ್ತಲೇ ಇದ್ದಳು.

ಆ ಕಂಬಿ ಹಿಡಿದುಕೊಂಡು ನಾನು ಯೋಚಿಸಿದ್ದೇನು ಗೊತ್ತೇ? ಕ್ಯಾಂಪಿನ ಗಾಳಿ ಎದ್ದಿತು ಅಂದುಕೊಂಡೆ. ಇಷ್ಟು ವರ್ಷ ಎಲ್ಲೋ ಮೂಲೆಯಲ್ಲಿ ಕೂತಿದ್ದ ಗಾಳಿ ಈಗ ಜಾಗ ಬಿಟ್ಟು ಹೆಗಲಿಗೆ ಬಂತು ಎಂದು ನನಗೆ ಖಾತ್ರಿಯಾಯಿತು. ಮೂರು ತಾಲ್ಲೂಕು ತಿರುಗುವ, ಪೇಪರ್ ಓದುವ, ಕಂಡವರಿಗೆಲ್ಲ ಬುದ್ಧಿ ಹೇಳುವ ಹೆಣ್ಣು ನಾನು! ದವಾಖಾನೆಗೆ ಹೋಗಲಿಲ್ಲ. ಖಾಕಿ ಅಂಗಿಯ ಒಳಗೆ ದುಪಟ್ಟಾ ಸುತ್ತಿ ಹೊಟ್ಟೆಯನ್ನು ಬಿಗಿದುಕೊಂಡೆ, ಅತ್ತೆ ಕಟ್ಟಿದಷ್ಟೇ ಬಿಗಿಯಾಗಿ. ಅಜವಾನ ಅಗಿದೆ, ಇಂಗು ನುಂಗಿದೆ. ನೋವು ಬಂದು ಹೋಗಿ ಮಾಡುತ್ತಿತ್ತು. ಹೋದಾಗ ಕಟ್ಟಿದ್ದರಿಂದ ಹೋಯಿತು ಅನ್ನುತ್ತಿದ್ದೆ. ಬಂದಾಗ ಸಡಿಲಾಗಿತ್ತು ಅನ್ನುತ್ತಿದ್ದೆ. ಹೀಗೆ ತಿಂಗಳುಗಟ್ಟಲೆ ಕಳೆದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೆಗಲು ನೋಯುತ್ತದೆ ಎಂಬ ಮಾತು ಆ ಮನೆಯಲ್ಲಿ ಇನ್ನೊಂದು ಸಲ ನನ್ನ ಬಾಯಿಂದ ಬರಬಾರದು ಎಂದು ಹಟ.

ಕೊನೆಗೆ ಒಂದು ಬೆಳಿಗ್ಗೆ ಡಿಪೋದಲ್ಲೇ ವಾಂತಿ ಮಾಡಿಕೊಂಡು ಕೂತೆ. ಗಂಡ ಬಂದು ಕಲಬುರಗಿಯ ಒಂದು ಆಸ್ಪತ್ರೆಗೆ ಕರೆದೊಯ್ದ. ಸ್ಕ್ಯಾನ್ ಮಾಡಿದರು. ಪಿತ್ತಕೋಶದ ತುಂಬ ಕಲ್ಲು. ಸರ್ಜನ್ ಸಲೀಸಾಗಿ, "ದುರ್ಬೀನ್ ಹಾಕಿ ತಗದ್ರ ಆತು. ಹೊಟ್ಟಿಗೆ ಜರಾ ಗ್ಯಾಸ್ ತುಂಬ್ತೇವ್ರಿ," ಅಂದರು.

ನಾನು ಎದ್ದು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಗಂಡ ಹಿಂದೆ ಓಡಿ ಬಂದ. ಬಸ್ ಸ್ಟ್ಯಾಂಡಿನವರೆಗೂ "ನಿಂದ್ರು, ನಿಂದ್ರು" ಎನ್ನುತ್ತಲೇ ಬಂದ. ನಾನು ಜೇವರ್ಗಿಯ ಬಸ್ ಹತ್ತಿ ಕಿಟಕಿಯ ಪಕ್ಕ ಕೂತುಬಿಟ್ಟೆ. ಕಲ್ಲಿನ ನೋವು ಸಹಿಸಬಲ್ಲೆ. ಆ ಟೇಬಲ್ಲಿನ ಮೇಲೆ ತಲೆ ಕೆಳಗಾಗಿ, ಕೈ ಕಟ್ಟಿಸಿಕೊಂಡು, ಉಸಿರಿಲ್ಲದೆ ಮಲಗಲಾರೆ. ಅದರ ನಂತರದ್ದಂತೂ ಬೇಡವೇ ಬೇಡ.

ಆದರೆ ಕಲ್ಲು ನನ್ನ ಹಟಕ್ಕೆ ಬಗ್ಗಲಿಲ್ಲ. ಮತ್ತೆ ಬಂತು, ಈ ಸಲ ಚಳಿಜ್ವರದೊಂದಿಗೆ. ಮತ್ತೆ ಅದೇ ಆಸ್ಪತ್ರೆ. ಒಳಗೆ ಕೀವಾಗುತ್ತಿದೆ, ಇನ್ನೂ ತಡ ಮಾಡಿದರೆ ಪಿತ್ತಕೋಶ ಒಡೆದು ವಿಷ ಮೈಗೆಲ್ಲ ಹರಡಬಹುದು, ಜೀವಕ್ಕೇ ಅಪಾಯ ಎಂದರು. ಸಾಯುವುದೋ, ಗಾಳಿ ತುಂಬಿಸಿಕೊಳ್ಳುವುದೋ. ಮಂಚದ ಮೇಲೆ ಕೂತು ನಾನು ಗೋಡೆ ನೋಡುತ್ತಿದ್ದೆ. ಗಂಡ ನೀರಿನ ಬಾಟಲಿಯನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡುತ್ತಿದ್ದ.

ಆಗ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದರು. ನನ್ನಷ್ಟೇ ವಯಸ್ಸು, ನಮ್ಮ ಕಡೆಯದೇ ಮಾತು. ನಾಡಿ ನೋಡಿದರು, ಎದೆ ಕೇಳಿದರು, ಹಿಂದೆ ಏನಾದರೂ ಆಪರೇಷನ್ ಆಗಿದೆಯೇ ಎಂದರು. ಕ್ಯಾಂಪಿನದು ಹೇಳಿದೆ. ಅಷ್ಟೇ ಹೇಳಿದೆ, ಹೆಗಲಿನ ಸುದ್ದಿ ಎತ್ತಲಿಲ್ಲ.

"ಆಮ್ಯಾಲ ಹೆಗಲು ನೋಯ್ತಿತ್ತೇನ್ರಿ?" ಅಂದರು ಅವರು. "ಕುಂತಾಗ ಭಾಳ, ಮಲ್ಕೊಂಡ್ರ ಕಮ್ಮಿ?"

ನನಗೆ ಅಳು ಬಂತು. ಅಲ್ಲೇ, ಎಲ್ಲರ ಮುಂದೆ. ಅತ್ತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂದು ಇನ್ನಷ್ಟು ಅತ್ತೆ. ಅವರು ಕುರ್ಚಿ ಎಳೆದು ಹತ್ತಿರ ಕೂತರು. ಆಮೇಲೆ ನಾನು ಒಂದೊಂದೇ ಕೇಳಿದೆ, ಅವರು ಒಂದೊಂದಕ್ಕೂ ಉತ್ತರ ಕೊಟ್ಟರು.

ಹೊಟ್ಟೆಗೂ ಎದೆಗೂ ನಡುವೆ ಒಂದು ಪರದೆ ಇದೆಯಂತೆ, ಉಸಿರಾಟದ ಪರದೆ. ಅದರ ನರ ಹುಟ್ಟುವುದು ಕುತ್ತಿಗೆಯಲ್ಲಿ, ಹೆಗಲಿನ ನರ ಹುಟ್ಟುವ ಜಾಗದಲ್ಲೇ. ಎದ್ದು ಕೂತಾಗ ಗಾಳಿ ಮೇಲೇರಿ ಆ ಪರದೆಯನ್ನು ಒತ್ತುತ್ತದೆ, ಕೆರಳಿಸುತ್ತದೆ. ಸುದ್ದಿ ಮಿದುಳಿಗೆ ಹೋಗುತ್ತದೆ. ಮಿದುಳು ಅದನ್ನು ಹೆಗಲಿನದೆಂದು ತಿಳಿಯುತ್ತದೆ. ಚೌಡಾಪುರದಲ್ಲಿ ಹತ್ತಿದವನು ನಿದ್ದೆ ಹೋಗಿ, ಕೇಳಿದರೆ ಅಫಜಲಪುರದಲ್ಲಿ ಹತ್ತಿದೆ ಅಂದ ಹಾಗೆ. ಮಲಗಿದರೆ ಗಾಳಿ ಪರದೆ ಬಿಟ್ಟು ಸರಿಯುತ್ತದೆ, ನೋವು ಇಳಿಯುತ್ತದೆ. ಹೊಟ್ಟೆ ಬಿಗಿದರೆ? "ಬಿಗದ್ರ ಗಾಳಿ ಎಲ್ಲಿ ಹೋಗಬೇಕ್ರಿ? ಮ್ಯಾಲೇ ಒತ್ತೂದು," ಅಂದರು.

ಇನ್ನು ಗಾಳಿಯ ವಿಷಯ. ಕ್ಯಾಂಪಿನಲ್ಲಿ ನನಗೆ ತುಂಬಿದ್ದು ಬಹುಶಃ ಬರೀ ಕೋಣೆಯ ಗಾಳಿ, ನಾವು ಉಸಿರಾಡುವುದೇ. ಅದರಲ್ಲಿ ಹೆಚ್ಚಿನ ಪಾಲು ನೈಟ್ರೋಜನ್. ಅದು ರಕ್ತದಲ್ಲಿ ಸುಲಭವಾಗಿ ಕರಗುವುದಿಲ್ಲ. ಹೊಟ್ಟೆಯಲ್ಲಿ ಉಳಿದರೆ ಎಷ್ಟೋ ದಿನ ಉಳಿಯುತ್ತದೆ. ಈಗ ತುಂಬುವುದು ಕಾರ್ಬನ್ ಡೈಆಕ್ಸೈಡ್, ಸೋಡಾದಲ್ಲಿ ಬುಸುಗುಡುವ ಅದೇ ಗ್ಯಾಸು. ಅದು ಬೇಗ ರಕ್ತಕ್ಕೆ ಇಳಿದು, ಶ್ವಾಸಕೋಶಕ್ಕೆ ಬಂದು, ಉಸಿರಿನೊಂದಿಗೆ ಹೊರಗೆ ಹೋಗುತ್ತದೆ. ಹಾಗೆಂದು ಅದು ಸಾಧುವೇನೂ ಅಲ್ಲವಂತೆ. ರಕ್ತಕ್ಕೆ ಇಳಿದರೆ ರಕ್ತ ಹುಳಿಯಾಗುತ್ತದೆ, ಎದೆ ಬಡಿತ ಏರುತ್ತದೆ. ಅದಕ್ಕೇ ಗಂಟಲಿಗೆ ಕೊಳವೆ ಹಾಕಿ, ಯಂತ್ರದಿಂದ ಜೋರಾಗಿ ಉಸಿರಾಡಿಸಿ ಅದನ್ನು ಹೊರಹಾಕುತ್ತಾರೆ. ಹೊಟ್ಟೆಯ ಹಸಿ ಪೊರೆಗೆ ತಾಗಿದಲ್ಲಿ ಸೋಡಾದ ಹಾಗೆ ಹುಳಿಯಾಗಿ ಉರಿಸುತ್ತದೆ ಕೂಡ.

"ಉರಿಸದ ಗ್ಯಾಸ್ ಇಲ್ಲೇನ್ರಿ?" ಅಂದೆ.

"ಅದಾವ್ರಿ," ಅಂದರು. ನೈಟ್ರಸ್ ಆಕ್ಸೈಡ್ ಎಂಬುದಿದೆ, ನಗಿಸುವ ಗ್ಯಾಸು. ಅದು ಹೊಟ್ಟೆಯೊಳಗೆ ಅಷ್ಟು ನೋಯಿಸುವುದಿಲ್ಲ, ಎಚ್ಚರವಿರುವವರಿಗೆ ಅದನ್ನು ತುಂಬಿದ್ದೂ ಉಂಟು. ಆದರೆ ಅದು ಬೆಂಕಿಗೆ ಜೊತೆಯಾಗುತ್ತದೆ. ಒಳಗೆ ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವಾಗ ಅದು ಬೇಡ. ಬಲೂನಿಗೆ ತುಂಬುವ ಹೀಲಿಯಂ ಇದೆ, ಅದು ರಕ್ತವನ್ನು ಹುಳಿ ಮಾಡುವುದಿಲ್ಲ, ಶ್ವಾಸಕೋಶ ಕೆಟ್ಟವರಿಗೆ ಒಳ್ಳೆಯದೆನ್ನುತ್ತಾರೆ. ಆದರೆ ಅದರ ಒಂದು ಗುಳ್ಳೆ ರಕ್ತನಾಳಕ್ಕೆ ಹೊಕ್ಕರೆ ಕರಗುವುದಿಲ್ಲ, ಎದೆಗೆ ಹೋಗಿ ಕೂರುತ್ತದೆ. ಸೋಡಾದ ಗ್ಯಾಸಿನ ಗುಳ್ಳೆ ಬಹಳ ಬೇಗ ಕರಗುತ್ತದೆ. ಅದಕ್ಕೇ ಉರಿಸಿದರೂ ಇದೇ ಇರಲಿ ಅನ್ನುತ್ತಾರೆ. ನನಗೆ ಈ ಲೆಕ್ಕ ಹಿಡಿಸಿತು. ಎಲ್ಲದರಲ್ಲೂ ಒಂದೊಂದು ಕೊಂಕು ಇದೆ, ಬಿಟ್ಟು ಹೋಗುವ ಗುಣ ಇರುವುದನ್ನು ಆರಿಸಿಕೊಂಡಿದ್ದಾರೆ.

"ಮತ್ತ ಕ್ಯಾಂಪಿಂದು ಇನ್ನಾ ಒಳಗ ಅದನ್ರಿ?" ಎಂದು ಕೊನೆಗೆ ಕೇಳಿಯೇಬಿಟ್ಟೆ. ಅವರು ನಗಲಿಲ್ಲ. "ಇಲ್ರಿ. ಅದು ಯಾವಾಗೋ ಹೋಗ್ಯದ. ಈಗಿಂದು ಬರೇ ಕಲ್ಲಿಂದು. ಪಿತ್ತಕೋಶ ಕೆಟ್ರೂ ಅದೇ ಹೆಗಲಿಗೇ ಬರ್ತದ." ಎದ್ದು ಹೋಗುವ ಮುಂಚೆ, "ನಿಮಗ ಪೂರಾ ನಿದ್ದಿ ಇರ್ತದ. ಉಸಿರು ನಾ ಆಡಸ್ತೇನಿ, ಯೋಚನಿ ಮಾಡಬ್ಯಾಡ್ರಿ," ಅಂದರು. ನಾನು ಗಂಡನಿಗೆ, "ಮಾಡ್ಸೂಣು" ಅಂದೆ.

ಅವರು ಹೇಳಿದ ಹಾಗೇ ಆಯಿತು. ಮುಖಕ್ಕೆ ಮಾಸ್ಕ್ ಇಟ್ಟಾಗ ಒಂದು ಕ್ಷಣ ಕ್ಯಾಂಪಿನ ಟೇಬಲ್ಲು ನೆನಪಾಯಿತು, ಅಷ್ಟರಲ್ಲಿ ನಿದ್ದೆ ಹತ್ತಿತು. ಎಚ್ಚರಾದಾಗ ಎಲ್ಲ ಮುಗಿದಿತ್ತು. ಮರುದಿನ ಎದ್ದು ಕೂತಾಗ ಹೆಗಲಿಗೆ ಬಂತು. ಆದರೆ ಇದು ಬೇರೆ ತರಹದ್ದು. ಕುಡುಗೋಲಿನ ಒತ್ತಡ ಇರಲಿಲ್ಲ, ಮೆಣಸಿನಕಾಯಿ ಮುಟ್ಟಿದ ಕೈ ಉರಿದಂತೆ ಉರಿಯುತ್ತಿತ್ತು. ಹೆಸರು ಗೊತ್ತಿದ್ದ ನೋವು. ನರ್ಸಿಗೆ ಹೇಳಿದೆ. "ಆಗ್ತದ್ರಿ, ಗ್ಯಾಸಿಂದು," ಎಂದು ಆಕೆ ಮಾತ್ರೆ ಕೊಟ್ಟಳು. ಅಷ್ಟು ಸಲೀಸಾಗಿ ನಂಬಿದಳು! ನನಗೆ ಅವಳನ್ನು ಕೂರಿಸಿಕೊಂಡು ಇನ್ನೊಂದು ಸಲ ಹೇಳಿಸಬೇಕು ಅನ್ನಿಸಿತು.

ಜೇವರ್ಗಿಯ ಮನೆಗೆ ಬಂದ ಮಧ್ಯಾಹ್ನ ಇನ್ನೂ ಸ್ವಲ್ಪ ಉರಿ ಇತ್ತು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದೆ. ಅತ್ತೆ ಬಂದಳು. ಈಗ ಬೆನ್ನು ಬಾಗಿದೆ, ಕಣ್ಣು ಮಂಜಾಗಿದೆ. ಕೈಯಲ್ಲಿ ಮಡಚಿದ ಬಟ್ಟೆಯ ಪಟ್ಟಿ.

"ಏಳು, ಕಟ್ತೇನಿ."

"ಬ್ಯಾಡ್ರಿ," ಅಂದೆ, ಬಸ್ಸಿನಲ್ಲಿ ಕೂಗುವ ದನಿಯಲ್ಲೇ. ಆಮೇಲೆ ದನಿ ಇಳಿಸಿ, ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಗಾಳಿ ಹೊರಗಿನಿಂದ ಬರುವುದಿಲ್ಲ, ಅವರೇ ಒಳಗೆ ತುಂಬುತ್ತಾರೆ, ಕಟ್ಟಿದರೆ ಮೇಲಕ್ಕೆ ಒತ್ತುತ್ತದೆ. ಅತ್ತೆ ಮಂಚದ ತುದಿಯಲ್ಲಿ ಕೂತು ಕೇಳಿದಳು. ಕೈಯಲ್ಲಿನ ಬಟ್ಟೆಯನ್ನು ನೋಡಿ, ಪಕ್ಕಕ್ಕೆ ಇಟ್ಟಳು. "ನಮಗೇನ್ ಗೊತ್ತು ಬೇ," ಅಂದಳು. ನನಗೆ ಕರುಣೆ ಬಂತು. ಇಷ್ಟು ದಿನ ನಾನು ಅಂದುಕೊಂಡದ್ದೇ ಸರಿ, ತಿಳಿಯದೆ ಮಾಡಿದ್ದು, ಇನ್ನು ಇದನ್ನು ಬಿಟ್ಟುಬಿಡೋಣ ಎಂದುಕೊಂಡೆ.

ಅತ್ತೆ ಕೈ ಚಾಚಿ ನನ್ನ ಹೆಗಲಿನ ಮೇಲೆ ಬೆರಳಿಟ್ಟಳು. ಕುತ್ತಿಗೆಯ ಬುಡಕ್ಕೂ ಹೆಗಲಿನ ತುದಿಗೂ ನಡುವೆ, ಸರಿಯಾಗಿ ಆ ಜಾಗದಲ್ಲಿ.

"ಇಲ್ಲೇ ಅಲ್ಲ? ಕೆಮ್ಮಿದ್ರ ಕಿವಿ ತನಕ ಎಳೀತದ. ಆಮ್ಯಾಲ ಜರಾ ಬೋರಲು ಬಿದ್ರ ಬಿಡ್ತದ."

ಕೆಮ್ಮಿದರೆ ಕಿವಿಯವರೆಗೆ ಎಳೆಯುತ್ತದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ. ಅಷ್ಟೆಲ್ಲ ಹೇಳಲು ಆ ಮನೆಯಲ್ಲಿ ನನ್ನನ್ನು ಯಾರೂ ಬಿಟ್ಟಿರಲೇ ಇಲ್ಲ.

"ನಿಮಗ ಹ್ಯಾಂಗ ಗೊತ್ತು?"

"ನಂದೂ ಆಗಿತ್ತಲ್ಲ. ನಿನ್ನ ಮೈದುನ ಹುಟ್ಟಿದ ಮ್ಯಾಲ. ಅದೇ ದುರ್ಬೀನು, ಅದೇ ಗಾಳಿ." ಅತ್ತೆ ಗೋಡೆಯ ಕಡೆ ನೋಡುತ್ತಾ ಹೇಳಿದಳು. "ನಮ್ಮತ್ತಿ ಸೋಂಗು ಅಂದ್ಲು. ಮರುದಿನಾನೇ ಬೀಸಾಕ ಕುಂದ್ರಿಸಿದ್ಲು. ಕಲ್ಲು ತಿರುವಿದಂಗೆಲ್ಲ ಜೀವ ಹೋಗ್ತಿತ್ತು."

"ಹಂಗಂದ್ರ ನಂದು ಖರೆ ಅಂತ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ ಸೋಂಗು ಅಂತ ಯಾಕ ಅಂದ್ರಿ?"

ಅತ್ತೆ ಪಕ್ಕಕ್ಕಿಟ್ಟಿದ್ದ ಪಟ್ಟಿಯನ್ನು ಎತ್ತಿ ತೊಡೆಯ ಮೇಲಿಟ್ಟು ಮತ್ತೆ ಮಡಚಿದಳು. ಉತ್ತರ ಹುಡುಕುತ್ತಿದ್ದಂತೆ ಕಾಣಲಿಲ್ಲ. ಉತ್ತರ ಇತ್ತು.

"ಖರೆ ಅಂದಿದ್ರ ನಿನಗ ಮಲಗಸ್ಬೇಕಾಗ್ತಿತ್ತು," ಅಂದಳು. "ನನಗ ಯಾರ ಮಲಗಿಸಿದ್ರು?"

ನನಗೆ ಎದ್ದು ಹೊರಗೆ ಹೋಗಬೇಕು ಅನ್ನಿಸಿತು. ಏಳಲು ಹೋದರೆ ಹೆಗಲು ಹಿಡಿದು ಕೂರಿಸಿತು. ತಿಳಿಯದೆ ಮಾಡಿದಳು ಎನ್ನುವ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಆಕೆಗೆ ರೊಟ್ಟಿ ಬಡಿದು ಹಾಕಿದ್ದೆ, ಕಾಲು ಒತ್ತಿದ್ದೆ, ಅದೇ ಒಂದು ಮಾತಿನ ಮೇಲೆ ಆ ಮನೆಯಲ್ಲಿ ಉಸಿರಾಡಿದ್ದೆ. ಈಗ ಅದೂ ಇಲ್ಲ. ಬೈಯೋಣವೆಂದರೆ, ಎದುರಿಗೆ ಕೂತಿರುವವಳು ನನ್ನ ಹಾಗೇ ನೋವು ತಿಂದು ಬೀಸುವ ಕಲ್ಲಿಗೆ ಕೂತ ಹೆಣ್ಣುಮಗಳು. ಕ್ಷಮಿಸೋಣವೆಂದರೆ, ಎಲ್ಲ ತಿಳಿದೂ ನನ್ನನ್ನು ಹೊಲಕ್ಕೆ ನೂಕಿದವಳು.

ಅಷ್ಟರಲ್ಲಿ ಗಂಡ ಬಂದ. ಬಾಗಿಲಲ್ಲಿ ನಿಂತು, ರೂಢಿಯಂತೆ, ನನ್ನ ಕಡೆ ನೋಡಿ, "ಚಾ ಆಗ್ತದೇನು?" ಅಂದ.

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಹೇಳಿದಳು. "ಅಕಿ ಏಳೂದಿಲ್ಲ. ಅಕಿಗೆ ಖರೇನ ನೋಯಾಕತ್ತದ. ನೀನ ಮಾಡ್ಕೊ."

ಗಂಡ ಮರುಮಾತಾಡದೆ ಅಡುಗೆಮನೆಗೆ ಹೋಗಿ ಪಾತ್ರೆ ಇಟ್ಟ. ಆ ಸಲವೂ ಇದೇ ಗಂಡಸು ಬಾಗಿಲಲ್ಲಿ ನಿಂತು ಇದೇ ತಾಯಿಯ ಮಾತು ಕೇಳಿದ್ದ. ಆಗಲೂ ಆಕೆಯ ಒಂದು ಮಾತು ಸಾಕಾಗಿತ್ತು.